ಬಿದನೂರಿನ ಬಾಣಗಳು: ಟಿಪ್ಪು ಸುಲ್ತಾನರ ಬದುಕಿನ ಒಂದು ಭಾಗ

ಟಿಪ್ಪು ಸುಲ್ತಾನರ ಮಾತು ಬಂದರೆ ನಮ್ಮೆಲ್ಲರಿಗೂ ಮೊದಲು ನೆನಪಾಗುವುದು ಶ್ರೀರಂಗಪಟ್ಟಣ. ಆದರೆ ಇಂದು ನಾವು ಕಣ್ಣಾರೆ ನೋಡಬಹುದಾದ ಅವರ ಕಾಲದ ಯುದ್ಧ ರಾಕೆಟ್‌ಗಳಲ್ಲಿ ಹೆಚ್ಚಿನವು ಸಿಕ್ಕಿದ್ದು ಶ್ರೀರಂಗಪಟ್ಟಣದಲ್ಲಿ ಅಲ್ಲ, ನಮ್ಮ ಹೊಸನಗರ ತಾಲ್ಲೂಕಿನ ನಗರದಲ್ಲಿ. ನಗರ ಎಂದರೆ ಹಳೆಯ ಬಿದನೂರು. 2002ರಲ್ಲಿ ಅಲ್ಲಿನ ಒಂದು ಪಾಳುಬಾವಿಯ ಹೂಳು ತೆಗೆಯುವಾಗ ನೂರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕಿದವು. ಅವು ಏನೆಂದು ಆಗ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಅವುಗಳನ್ನು ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಇರಿಸಿದರು. ವರ್ಷಗಳು ಕಳೆದ ಮೇಲೆ ಅವು ರಾಕೆಟ್‌ಗಳೆಂದು ಗುರುತಿಸಲಾಯಿತು. ಬಾವಿಯ ಮಣ್ಣಿನಲ್ಲಿ ಮದ್ದಿನ ವಾಸನೆ ಇದ್ದದ್ದರಿಂದ ಪುರಾತತ್ವ ಇಲಾಖೆಯವರು 2018ರ ಜುಲೈ ಕೊನೆಯ ವಾರದಲ್ಲಿ ಮತ್ತೆ ಅಗೆದರು. ಮೂರು ದಿನಗಳ ಕೆಲಸದಲ್ಲಿ ಒಂದು ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ರಾಶಿ ರಾಶಿಯಾಗಿ ಹೊರಬಂದವು. ಒಂದೊಂದೂ ಸುಮಾರು 23ರಿಂದ 26 ಸೆಂಟಿಮೀಟರ್ ಉದ್ದ.

ಈ ಲೇಖನ ಬರೆಯಲು ನನಗೆ ಒಂದು ಕಾರಣವಿದೆ. ಪ್ರತಿ ವರ್ಷ ನವೆಂಬರ್ ಬಂತೆಂದರೆ ಟಿಪ್ಪು ಅವರ ಬಗ್ಗೆ ಎರಡು ಬಗೆಯ ಮಾತುಗಳು ಶುರುವಾಗುತ್ತವೆ. ಒಂದು ಕಡೆಯವರು ಅವರನ್ನು ಬರೀ ಹೊಗಳುತ್ತಾರೆ, ಇನ್ನೊಂದು ಕಡೆಯವರು ಬರೀ ತೆಗಳುತ್ತಾರೆ. ಹೊಗಳುವವರು ಜಗತ್ತಿನಲ್ಲಿ ರಾಕೆಟ್ ಕಂಡುಹಿಡಿದವರೇ ಟಿಪ್ಪು ಎಂದು ಹೇಳಿಬಿಡುತ್ತಾರೆ. ಇದು ಸರಿಯಲ್ಲ. ಸುಳ್ಳು ಹೊಗಳಿಕೆಯಿಂದ ಯಾರ ಗೌರವವೂ ಹೆಚ್ಚುವುದಿಲ್ಲ. ಅವರು ನಿಜವಾಗಿ ಮಾಡಿದ್ದೇ ಸಾಕಷ್ಟು ದೊಡ್ಡದು. ಅದನ್ನು ಇದ್ದ ಹಾಗೆ ತಿಳಿಯೋಣ ಎಂಬುದು ನನ್ನ ಆಸೆ.

ರಾಕೆಟ್ ಟಿಪ್ಪು ಅವರಿಗಿಂತ ಬಹಳ ಹಳೆಯದು. ಚೀನಾದಲ್ಲಿ ಮದ್ದು ತುಂಬಿದ ಬಾಣಗಳನ್ನು ನೂರಾರು ವರ್ಷಗಳ ಮೊದಲೇ ಬಳಸುತ್ತಿದ್ದರು. ಮೊಘಲರ ಸೈನ್ಯದಲ್ಲೂ ರಾಕೆಟ್ ಇತ್ತು. ಮನೆಯಲ್ಲಿ ನಾವು ಉರ್ದುವಿನಲ್ಲಿ ಬಾಣಕ್ಕೆ ತೀರ್ ಎನ್ನುತ್ತೇವೆ. ಆದರೆ ಆ ಕಾಲದ ಫಾರ್ಸಿ ಬರಹಗಳಲ್ಲಿ ರಾಕೆಟ್‌ಗೆ ಬಾನ್ ಎಂಬ ಹೆಸರಿದೆ. ಅದು ನಮ್ಮ ಬಾಣವೇ. ಕನ್ನಡದಲ್ಲಿ ಜಾತ್ರೆಯ ರಾಕೆಟ್‌ಗೆ ಬಾಣಬಿರುಸು ಎನ್ನುವುದೂ ಅದೇ ಮಾತಿನಿಂದ. ಹೀಗೆ ಎರಡು ಭಾಷೆಗಳಲ್ಲಿ ಒಂದೇ ಹೆಸರು ಓಡಾಡಿದೆ. ಟಿಪ್ಪು ಅವರ ಅಜ್ಜ ಫತೇ ಮುಹಮ್ಮದ್ ಅವರೇ ಆರ್ಕಾಟ್ ನವಾಬರ ಬಳಿ ರಾಕೆಟ್ ಪಡೆಯ ನಾಯಕರಾಗಿದ್ದವರು. ಅಂದರೆ ಇದು ಅವರ ಮನೆತನದ ಕಸುಬು ಎನ್ನಬಹುದು.

ಟಿಪ್ಪು ಹುಟ್ಟಿದ್ದು 1750ರಲ್ಲಿ, ದೇವನಹಳ್ಳಿಯಲ್ಲಿ. ತಂದೆ ಹೈದರ್ ಅಲಿ, ತಾಯಿ ಫಕ್ರುನ್ನಿಸಾ. ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರ ಹೆಸರನ್ನೇ ಮಗುವಿಗೆ ಇಟ್ಟರು. ಹೈದರ್ ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಅದಕ್ಕೇ ಇರಬೇಕು, ಮಗನಿಗೆ ಒಳ್ಳೆಯ ಉಸ್ತಾದರನ್ನು ನೇಮಿಸಿದರು. ಕುರ್‌ಆನ್, ಫಾರ್ಸಿ, ಅರಬಿ, ಕನ್ನಡ, ಕುದುರೆ ಸವಾರಿ, ಬಂದೂಕು ಎಲ್ಲವನ್ನೂ ಹುಡುಗ ಕಲಿತರು. 1767ರಲ್ಲಿ ಮೊದಲ ಆಂಗ್ಲೋ-ಮೈಸೂರು ಯುದ್ಧ ಶುರುವಾದಾಗ ಕುದುರೆ ಪಡೆಯೊಂದನ್ನು ನಡೆಸಿಕೊಂಡು ಮದ್ರಾಸಿನ ಹತ್ತಿರದವರೆಗೆ ಹೋದರು. ಆಗ ಅವರ ವಯಸ್ಸು ಹದಿನಾರು ಹದಿನೇಳು, ಈಗ ನಮ್ಮ ತರಗತಿಯಲ್ಲಿ ಕುಳಿತಿರುವವರ ವಯಸ್ಸು.

ನಮ್ಮ ಸೀಮೆಗೂ ಈ ಮನೆತನಕ್ಕೂ ನಂಟು ಬೆಳೆದದ್ದು 1763ರಲ್ಲಿ. ಅದಕ್ಕೂ ಮೊದಲು ಇದೆಲ್ಲ ಕೆಳದಿ ನಾಯಕರ ರಾಜ್ಯ. ಸಾಗರ ತಾಲ್ಲೂಕಿನ ಕೆಳದಿ ಅವರ ಮೊದಲ ರಾಜಧಾನಿ, ನಂತರ ಇಕ್ಕೇರಿ, ಕೊನೆಗೆ ಬಿದನೂರು. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗವೂ ಅವರದೇ ಕೋಟೆ. ಘಟ್ಟದ ಮೇಲಿನ ಮೆಣಸು, ಅಡಿಕೆ, ಏಲಕ್ಕಿ, ಗಂಧ ಕರಾವಳಿಯ ಬಂದರುಗಳಿಗೆ ಇಳಿಯುತ್ತಿದ್ದದ್ದು ಇದೇ ಸೀಮೆಯಿಂದ. ಆದ್ದರಿಂದ ಬಿದನೂರು ಬಹಳ ಶ್ರೀಮಂತ ಊರಾಗಿತ್ತು. ಹೈದರ್ ಅಲಿಯವರು 1763ರಲ್ಲಿ ಅದನ್ನು ಗೆದ್ದರು. ರಾಣಿ ವೀರಮ್ಮಾಜಿಯವರನ್ನು ಸೆರೆ ಹಿಡಿದು ಮಧುಗಿರಿಯಲ್ಲಿ ಇರಿಸಿದರು. ಊರಿಗೆ ಹೈದರ್‌ನಗರ ಎಂದು ತಮ್ಮ ಹೆಸರನ್ನೇ ಇಟ್ಟರು. ಅದೇ ಮುಂದೆ ಬರೀ ನಗರ ಆಯಿತು. ಅಲ್ಲಿ ಟಂಕಸಾಲೆ ನಡೆಸಿದರು, ಆಯುಧಗಳ ದೊಡ್ಡ ಕಾರ್ಖಾನೆ ಕಟ್ಟಿದರು. ಇಲ್ಲಿ ಸಿಕ್ಕ ಸಂಪತ್ತು ಹೈದರ್ ಅವರನ್ನು ದಕ್ಷಿಣದ ದೊಡ್ಡ ದೊರೆಯನ್ನಾಗಿ ಮಾಡಿತು. ಒಂದು ಮನೆತನದ ಏಳಿಗೆ ಇನ್ನೊಂದು ಮನೆತನದ ಸೋಲಿನ ಮೇಲೆ ನಿಂತಿತು ಎಂಬುದನ್ನೂ ನಾವು ಮರೆಯಬಾರದು.

ಈಗ ರಾಕೆಟ್ ವಿಷಯಕ್ಕೆ ಬರುತ್ತೇನೆ. ನಾನು ವಾಣಿಜ್ಯ ವಿಭಾಗದವನು, ಆದರೂ ಅರ್ಥವಾದಷ್ಟು ಹೇಳುತ್ತೇನೆ. ಊದಿದ ಬಲೂನಿನ ಬಾಯಿ ಬಿಟ್ಟರೆ ಗಾಳಿ ಹಿಂದಕ್ಕೆ ಹೋಗುತ್ತದೆ, ಬಲೂನು ಮುಂದಕ್ಕೆ ಓಡುತ್ತದೆ. ರಾಕೆಟ್ ಕೂಡ ಹಾಗೆಯೇ. ಒಳಗೆ ಮದ್ದು ಉರಿದು ಬಿಸಿ ಅನಿಲ ಹಿಂದಿನ ತೂತಿನಿಂದ ನುಗ್ಗುತ್ತದೆ, ಕೊಳವೆ ಮುಂದಕ್ಕೆ ಹಾರುತ್ತದೆ. ಆ ಕಾಲದ ಬೇರೆ ದೇಶಗಳ ರಾಕೆಟ್‌ಗಳಿಗೆ ದಪ್ಪ ಕಾಗದದ ಕೊಳವೆ ಇರುತ್ತಿತ್ತು. ಮದ್ದನ್ನು ಗಟ್ಟಿಯಾಗಿ ತುಂಬಿದರೆ ಕಾಗದ ಒಡೆದು ಹೋಗುತ್ತಿತ್ತು. ಮೈಸೂರಿನವರು ಬಡಿದು ಮಾಡಿದ ಮೆದು ಕಬ್ಬಿಣದ ಕೊಳವೆ ಬಳಸಿದರು. ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತದೆ. ಆದ್ದರಿಂದ ಮದ್ದನ್ನು ಒತ್ತಿ ತುಂಬಬಹುದು, ಅನಿಲ ಜೋರಾಗಿ ಹೊರಬರುತ್ತದೆ, ರಾಕೆಟ್ ಹೆಚ್ಚು ದೂರ ಹೋಗುತ್ತದೆ. ಸುಮಾರು ಅರ್ಧ ಕಿಲೋ ಮದ್ದಿನಿಂದ ಅದು ಒಂದು ಕಿಲೋಮೀಟರಿನಷ್ಟು ಹಾರುತ್ತಿತ್ತು. ದೊಡ್ಡವು ಅದಕ್ಕಿಂತಲೂ ದೂರ ಹೋಗುತ್ತಿದ್ದವು. ಕೊಳವೆಗೆ ಉದ್ದನೆಯ ಬಿದಿರಿನ ಕೋಲು ಕಟ್ಟುತ್ತಿದ್ದರು. ಅದು ರಾಕೆಟ್ ಪಲ್ಟಿ ಹೊಡೆಯದಂತೆ ನೋಡಿಕೊಳ್ಳುತ್ತಿತ್ತು. ಕೆಲವಕ್ಕೆ ಕೋಲಿನ ಬದಲು ಕತ್ತಿಯ ಅಲಗು ಇರುತ್ತಿತ್ತು.

ಇಂಗ್ಲೆಂಡಿನ ವೂಲ್‌ವಿಚ್ ಎಂಬಲ್ಲಿ ಮೈಸೂರಿನ ಇಂಥ ಎರಡು ರಾಕೆಟ್‌ಗಳನ್ನು ಕಾಪಾಡಿದ್ದರು. ನಮ್ಮ ಬೆಂಗಳೂರಿನ ವಿಮಾನ ವಿಜ್ಞಾನಿ ರೊದ್ದಂ ನರಸಿಂಹ ಅವರು ಅವುಗಳನ್ನು ಕುರಿತು 1985ರಲ್ಲಿ ಒಂದು ಪ್ರಬಂಧ ಬರೆದರು. ಅದರ ಪ್ರಕಾರ ಒಂದು ಕೊಳವೆ 58 ಮಿಲಿಮೀಟರ್ ದಪ್ಪ, 254 ಮಿಲಿಮೀಟರ್ ಉದ್ದ. ಇನ್ನೊಂದು 37 ಮಿಲಿಮೀಟರ್ ದಪ್ಪ, 198 ಮಿಲಿಮೀಟರ್ ಉದ್ದ. ಈ ಅಳತೆಗಳ ಪಕ್ಕದಲ್ಲಿ ನಗರದ ಬಾವಿಯ ಕೊಳವೆಗಳ ಉದ್ದವನ್ನು ಇಟ್ಟು ನೋಡಿ. ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ.

ಹೈದರ್ ಅವರ ಕಾಲದಲ್ಲಿ ರಾಕೆಟ್ ಪಡೆಯಲ್ಲಿ ಸುಮಾರು 1200 ಜನ ಇದ್ದರು. ಟಿಪ್ಪು ಅದನ್ನು ಸುಮಾರು 5000ಕ್ಕೆ ಏರಿಸಿದರು. ಝೈನುಲ್ ಆಬಿದೀನ್ ಶುಸ್ತರಿ ಎಂಬವರಿಂದ ಫತ್‌ಹುಲ್ ಮುಜಾಹಿದೀನ್ ಎಂಬ ಸೈನ್ಯದ ಕೈಪಿಡಿಯನ್ನು ಬರೆಸಿದರು. ಪ್ರತಿ ದಳಕ್ಕೂ 200 ರಾಕೆಟ್ ಸಿಪಾಯಿಗಳು ಎಂದು ಗೊತ್ತುಮಾಡಿದರು. ಕೊಳವೆಯ ದಪ್ಪ ಮತ್ತು ಗುರಿಯ ದೂರ ನೋಡಿ ಎಷ್ಟು ಓರೆಯಾಗಿ ಹಾರಿಸಬೇಕು ಎಂದು ಲೆಕ್ಕ ಹಾಕಲು ಅವರಿಗೆ ತರಬೇತಿ ಇತ್ತು. ಗಾಲಿಯ ಮೇಲಿನ ಚೌಕಟ್ಟಿನಿಂದ ಒಮ್ಮೆಗೇ ಹಲವು ರಾಕೆಟ್ ಹಾರಿಸುವ ವ್ಯವಸ್ಥೆಯೂ ಇತ್ತು. ರಾಕೆಟ್ ತಯಾರಾಗುವ ಪೇಟೆಗಳಿಗೆ ತಾರಾಮಂಡಲ ಪೇಟೆ ಎಂದು ಹೆಸರು. ಅಂಥವು ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ ಮತ್ತು ಬಿದನೂರಿನಲ್ಲಿ ಇದ್ದವು. ರಾತ್ರಿ ಆಕಾಶದಲ್ಲಿ ಹಾರುವ ಬೆಂಕಿಗೆ ಇಷ್ಟು ಚೆಂದದ ಹೆಸರು ಕೊಟ್ಟವರು ಯಾರೋ, ಅವರಿಗೆ ನನ್ನ ಸಲಾಂ. ಟಿಪ್ಪು ಅವರ ದೊಡ್ಡತನ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಅವರು ರಾಕೆಟ್ ಕಂಡುಹಿಡಿಯಲಿಲ್ಲ, ಅದನ್ನು ಒಂದು ಉದ್ಯಮವಾಗಿ ಬೆಳೆಸಿದರು. ಕಬ್ಬಿಣ, ಮದ್ದು, ಕುಶಲಕರ್ಮಿ, ತರಬೇತಿ, ಕೈಪಿಡಿ, ಉಗ್ರಾಣ ಎಲ್ಲವನ್ನೂ ಒಂದು ವ್ಯವಸ್ಥೆಯೊಳಗೆ ತಂದರು.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಇಂಗ್ಲಿಷ್ ಸೈನ್ಯವನ್ನು ಹೈದರ್ ಮತ್ತು ಟಿಪ್ಪು ಸೋಲಿಸಿದರು. ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದದ್ದು ಅವರ ಸೋಲಿಗೆ ದೊಡ್ಡ ಕಾರಣ. 1782ರ ಡಿಸೆಂಬರ್ 7ರಂದು ಹೈದರ್ ಅಲಿ ಚಿತ್ತೂರಿನ ಹತ್ತಿರ ತೀರಿಕೊಂಡರು. ಟಿಪ್ಪು ಆಗ ಮಲಬಾರಿನಲ್ಲಿದ್ದರು. ಅವರು ಅಧಿಕಾರ ವಹಿಸಿಕೊಂಡ ಮರುತಿಂಗಳೇ, 1783ರ ಜನವರಿಯಲ್ಲಿ, ಜನರಲ್ ಮ್ಯಾಥ್ಯೂಸ್ ಕರಾವಳಿಯಿಂದ ಘಟ್ಟ ಹತ್ತಿ ಬಂದು ನಗರವನ್ನು ಹಿಡಿದನು. ಅಲ್ಲಿನ ಅಧಿಕಾರಿ ಅಯಾಝ್ ಖಾನ್ ಊರನ್ನು ಒಪ್ಪಿಸಿಬಿಟ್ಟಿದ್ದನು. ಟಿಪ್ಪು ದೊಡ್ಡ ಸೈನ್ಯದೊಂದಿಗೆ ಬಂದು ಏಪ್ರಿಲ್ ಕೊನೆಯ ಹೊತ್ತಿಗೆ ನಗರವನ್ನು ಮತ್ತೆ ಗೆದ್ದರು. ಸುಲ್ತಾನರಾದ ಮೇಲೆ ಅವರ ಮೊದಲ ದೊಡ್ಡ ಗೆಲುವುಗಳಲ್ಲಿ ಇದು ಒಂದು. ಅಲ್ಲಿಂದ ಮಂಗಳೂರಿಗೆ ಮುತ್ತಿಗೆ ಹಾಕಿದರು. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದ ಆಯಿತು.

ಯುದ್ಧಕ್ಕೆ ಹಣ ಬೇಕು. ಈ ವಿಷಯದಲ್ಲಿ ಟಿಪ್ಪು ನಮ್ಮ ವಾಣಿಜ್ಯ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ. ಅವರು ಸರ್ಕಾರದ ಕಡೆಯಿಂದಲೇ ವ್ಯಾಪಾರ ಶುರುಮಾಡಿದರು. ಅದನ್ನು ನೋಡಿಕೊಳ್ಳುವ ಅಧಿಕಾರಿಗಳಿಗೆ ಮಲಿಕ್ ಉತ್ ತುಜ್ಜಾರ್ ಎಂದು ಹೆಸರು, ಅಂದರೆ ವ್ಯಾಪಾರಿಗಳ ಒಡೆಯರು. ದೂರದ ಮಸ್ಕತ್‌ನಲ್ಲಿ ಕೋಠಿ ತೆರೆದು ಅಕ್ಕಿ, ಮೆಣಸು, ಏಲಕ್ಕಿ, ಗಂಧ ಮಾರಿದರು. ಬಂಗಾಳದಿಂದ ರೇಷ್ಮೆ ಹುಳು ತರಿಸಿದರು. ಈ ವ್ಯಾಪಾರದಲ್ಲಿ ಪ್ರಜೆಗಳೂ ಹಣ ಹೂಡಬಹುದಿತ್ತು. ವಿಶೇಷವೆಂದರೆ ಕಡಿಮೆ ಹಣ ಇಟ್ಟವರಿಗೆ ಹೆಚ್ಚಿನ ದರದ ಲಾಭ, ಹೆಚ್ಚು ಹಣ ಇಟ್ಟವರಿಗೆ ಕಡಿಮೆ ದರದ ಲಾಭ ಎಂಬ ನಿಯಮ ಮಾಡಿದ್ದರು. ಸಣ್ಣವರನ್ನು ಸೇರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯ ಏನಿದೆ?

ಆದರೆ ಲೆಕ್ಕದ ಪುಸ್ತಕಕ್ಕೆ ಎರಡು ಬದಿ ಇರುತ್ತವೆ. ಒಂದೇ ಬದಿ ಬರೆದರೆ ಅದು ಲೆಕ್ಕವೇ ಅಲ್ಲ. ಮಂಗಳೂರಿನ ಕ್ರೈಸ್ತರನ್ನು 1784ರಲ್ಲಿ ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು ನಿಜ. ಕೊಡವರಿಗೂ ಮಲಬಾರಿನವರಿಗೂ ಅವರ ದಂಡಯಾತ್ರೆಗಳಿಂದ ಆದ ನೋವು ನಿಜ. ಆ ಜನರ ಮಕ್ಕಳು ಇಂದಿಗೂ ಅದನ್ನು ನೆನೆಯುತ್ತಾರೆ. ಅವರ ನೆನಪನ್ನು ಸುಳ್ಳು ಎನ್ನುವ ಹಕ್ಕು ನಮಗಿಲ್ಲ. ಹಾಗೆಯೇ 1791ರಲ್ಲಿ ಮರಾಠ ಸೈನ್ಯದ ಜೊತೆ ಬಂದವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಅಲ್ಲಿನ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆದು, ದೇವಿಯ ಮರುಪ್ರತಿಷ್ಠೆಗೆ ಹಣ ಕೊಟ್ಟದ್ದೂ ನಿಜ. ಆ ಪತ್ರಗಳನ್ನು 1916ರಲ್ಲಿ ಮೈಸೂರಿನ ಪುರಾತತ್ವ ಅಧಿಕಾರಿ ಆರ್. ನರಸಿಂಹಾಚಾರ್ ಅವರು ಮಠದಲ್ಲಿ ಕಂಡರು. ತೀರ್ಥಹಳ್ಳಿಯವರಿಗೆ ಶೃಂಗೇರಿ ಎಷ್ಟು ಹತ್ತಿರ! ಎರಡೂ ಬದಿಯನ್ನು ಓದಿದ ಮೇಲೆಯೂ ಒಬ್ಬ ಮನುಷ್ಯನನ್ನು ಗೌರವಿಸಬಹುದು. ಓದದೆ ಮಾಡುವ ಗೌರವ ಒಂದು ಪ್ರಶ್ನೆಗೂ ನಿಲ್ಲುವುದಿಲ್ಲ.

1790ರಿಂದ ಇಂಗ್ಲಿಷರು, ಮರಾಠರು, ನಿಜಾಮ ಮೂವರೂ ಸೇರಿ ಯುದ್ಧ ಮಾಡಿದರು. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡರು. 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು. ಅದು ತೀರುವವರೆಗೆ ಇಬ್ಬರು ಚಿಕ್ಕ ಮಕ್ಕಳನ್ನು ಒತ್ತೆ ಇಡಬೇಕಾಯಿತು. ಹಣ ಕಟ್ಟಿ 1794ರಲ್ಲಿ ಮಕ್ಕಳನ್ನು ಬಿಡಿಸಿಕೊಂಡರು. ಆದರೆ ಅರ್ಧ ರಾಜ್ಯ ಹೋದ ಮೇಲೆ ಅರ್ಧ ಆದಾಯವೂ ಹೋಯಿತು. ನನಗೆ ತೋರುವ ಮಟ್ಟಿಗೆ ಟಿಪ್ಪು ಅವರ ಸೋಲು ಶುರುವಾದದ್ದು ಈ ಲೆಕ್ಕದಲ್ಲಿ.

1799ರಲ್ಲಿ ಕೊನೆಯ ಯುದ್ಧ. ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗೆ ಸುಲ್ತಾನ್‌ಪೇಟೆಯ ತೋಪಿನಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಪಡೆ ನುಗ್ಗಿತು. ಕತ್ತಲಲ್ಲಿ ರಾಕೆಟ್ ಮತ್ತು ಬಂದೂಕುಗಳ ಹೊಡೆತಕ್ಕೆ ಅದು ಚದುರಿ ಹಿಂದೆ ಸರಿಯಿತು. ಇದೇ ವೆಲ್ಲೆಸ್ಲಿ ಮುಂದೆ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು. ಆದರೆ ಒಂದು ರಾತ್ರಿಯ ಗೆಲುವು ಯುದ್ಧವನ್ನು ಗೆಲ್ಲಿಸಲಿಲ್ಲ. ಮೇ 2ರಂದು ಕೋಟೆಯೊಳಗಿನ ರಾಕೆಟ್ ಉಗ್ರಾಣಕ್ಕೆ ಗುಂಡು ಬಿದ್ದು ಅದು ಸಿಡಿಯಿತು. ಮೇ 4ರಂದು ಕೋಟೆ ಬಿತ್ತು. ಟಿಪ್ಪು ಸುಲ್ತಾನರು ಕೈಯಲ್ಲಿ ಕತ್ತಿ ಹಿಡಿದೇ ಶಹೀದರಾದರು. ತಂದೆ ತಾಯಿಯ ಪಕ್ಕದಲ್ಲಿ ಗುಂಬಝ್‌ನಲ್ಲಿ ಅವರನ್ನು ದಫನ್ ಮಾಡಿದರು.

ಇಂಗ್ಲಿಷರು ಕೋಟೆಯ ಸಾಮಾನುಗಳನ್ನು ಪಟ್ಟಿ ಮಾಡಿದರು. 600 ಉಡಾವಣಾ ಸಾಧನಗಳು, ಬಳಸಲು ಸಿದ್ಧವಾದ 700 ರಾಕೆಟ್‌ಗಳು, 9000 ಖಾಲಿ ಕೊಳವೆಗಳು. ಕೆಲವನ್ನು ವೂಲ್‌ವಿಚ್‌ಗೆ ಕಳುಹಿಸಿದರು. ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬವನು ಪ್ರಯೋಗ ಮಾಡಿ, ಅಳತೆಗಳನ್ನು ಬರೆದಿಟ್ಟು, ಚಿತ್ರಗಳನ್ನು ಅಚ್ಚು ಹಾಕಿಸಿ ಹೊಸ ರಾಕೆಟ್ ಮಾಡಿದನು. ಅವು 1806ರಲ್ಲಿ ಫ್ರಾನ್ಸಿನ ಬುಲೋನ್ ಮೇಲೆ, 1807ರಲ್ಲಿ ಕೋಪನ್‌ಹೇಗನ್ ಮೇಲೆ, 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಮೇಲೆ ಹಾರಿದವು. ಇತ್ತ ನಮ್ಮ ತಾರಾಮಂಡಲ ಪೇಟೆಗಳು ಮುಚ್ಚಿಹೋದವು. ಕೊಳವೆ ಬಡಿದ ಕಮ್ಮಾರರ, ಮದ್ದು ಅರೆದವರ ಒಂದು ಹೆಸರೂ ನಮ್ಮ ಪಾಠಗಳಲ್ಲಿ ಇಲ್ಲ. ಸಿಪಾಯಿಗೆ ಕೈಪಿಡಿ ಇತ್ತು, ಆದರೆ ಕಾರ್ಖಾನೆ ಉಳಿಯಲಿಲ್ಲ. ಕಾರ್ಖಾನೆ ನಿಂತರೆ ಕೈಯ ಜ್ಞಾನವೂ ನಿಲ್ಲುತ್ತದೆ.

ಆ ದಾರಿ ಮತ್ತೆ ತೆರೆಯಲು ನಮ್ಮ ದೇಶಕ್ಕೆ ಬಹಳ ಕಾಲ ಬೇಕಾಯಿತು. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಯುವಕರಾಗಿ ಅಮೆರಿಕದ ವಾಲಪ್ಸ್ ರಾಕೆಟ್ ಕೇಂದ್ರಕ್ಕೆ ತರಬೇತಿಗೆ ಹೋದಾಗ ಅಲ್ಲಿನ ಗೋಡೆಯ ಮೇಲೆ ಟಿಪ್ಪು ಸೈನ್ಯ ರಾಕೆಟ್ ಹಾರಿಸುವ ಚಿತ್ರ ಕಂಡರು. ಅದನ್ನು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. 1983ರಲ್ಲಿ ಅವರ ಮುಂದಾಳತ್ವದಲ್ಲಿ ಕ್ಷಿಪಣಿ ಯೋಜನೆ ಶುರುವಾಯಿತು. 1989ರ ಮೇ 22ರಂದು ಒಡಿಶಾದ ಚಾಂದಿಪುರದಿಂದ ಅಗ್ನಿ ಮೊದಲ ಬಾರಿ ಹಾರಿತು. ಅದರ ಕೆಳಗಿನ ಹಂತದಲ್ಲಿ ಘನ ಇಂಧನ, ಮೇಲಿನ ಹಂತದಲ್ಲಿ ದ್ರವ ಇಂಧನ ಇತ್ತು. ಮುಂದೆ ಅಗ್ನಿ-2ರಲ್ಲಿ ಎರಡೂ ಹಂತಕ್ಕೆ ಘನ ಇಂಧನವನ್ನೇ ಇಟ್ಟರು. ಘನ ಇಂಧನವನ್ನು ಮೊದಲೇ ತುಂಬಿಟ್ಟುಕೊಳ್ಳಬಹುದು, ಹಾರಿಸುವ ಮುನ್ನ ಕಾಯಬೇಕಾಗಿಲ್ಲ. ಮೈಸೂರಿನ ಕೊಳವೆಯ ಮದ್ದು ಕೂಡ ಘನ ಇಂಧನವೇ. ಅಗ್ನಿ-2 ಸುಮಾರು 20 ಮೀಟರ್ ಉದ್ದ, 2000 ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು. ಅದರ ಮೊದಲ ಪರೀಕ್ಷೆ ನಡೆದದ್ದು 1999ರ ಏಪ್ರಿಲ್ 11ರಂದು. ಟಿಪ್ಪು ಸುಲ್ತಾನರು ಮಡಿದು ಇನ್ನೂರು ವರ್ಷ ತುಂಬಲು ಆಗ ಮೂರು ವಾರ ಉಳಿದಿತ್ತು.

ಎರಡಕ್ಕೂ ಇರುವ ದೊಡ್ಡ ವ್ಯತ್ಯಾಸ ಗುರಿಯದ್ದು. ಬಿದಿರಿನ ಕೋಲು ರಾಕೆಟ್ ಅನ್ನು ನೇರವಾಗಿ ಇಡುತ್ತಿತ್ತು, ಆದರೆ ಹಾರಿದ ಮೇಲೆ ದಾರಿ ತಪ್ಪಿದರೆ ತಿದ್ದಲು ಆಗುತ್ತಿರಲಿಲ್ಲ. ಅದಕ್ಕೇ ಮೈಸೂರಿನವರು ಒಂದರ ಬದಲು ನೂರು ಹಾರಿಸುತ್ತಿದ್ದರು. ಅಗ್ನಿಯೊಳಗಿನ ಉಪಕರಣಗಳು ತಾನು ಎತ್ತ ವಾಲಿದೆ, ಎಷ್ಟು ವೇಗದಲ್ಲಿದೆ ಎಂದು ಕ್ಷಣ ಕ್ಷಣಕ್ಕೂ ಅಳೆದು ದಾರಿಯನ್ನು ತಿದ್ದುತ್ತವೆ. ವಾತಾವರಣದೊಳಗೆ ಮರಳಿ ನುಗ್ಗುವಾಗ ಅದರ ಮೂತಿ ಸಾವಿರಾರು ಡಿಗ್ರಿ ಕಾಯುತ್ತದೆ. ಅದನ್ನು ತಡೆಯಲು ಇಂಗಾಲದ ಎಳೆಗಳಿಂದ ಮಾಡಿದ ಕವಚವನ್ನು ನಮ್ಮ ವಿಜ್ಞಾನಿಗಳೇ ತಯಾರಿಸಿದರು. ಅಂದು ಕಾಗದದ ಬದಲು ಕಬ್ಬಿಣ, ಇಂದು ಕಬ್ಬಿಣದ ಬದಲು ಇಂಗಾಲ. ಹೊಸ ವಸ್ತು ಕೈಗೆ ಬಂದಾಗ ರಾಕೆಟ್ ಒಂದು ಹೆಜ್ಜೆ ಮುಂದೆ ಹೋಗಿದೆ.

ಆಯುಧ ಕೊಲ್ಲುವ ವಸ್ತು, ಅದನ್ನು ಕುರಿತು ಬರೀ ಹೆಮ್ಮೆ ಪಡಲು ನನಗೆ ಆಗುವುದಿಲ್ಲ. ನನ್ನ ಹೆಮ್ಮೆ ಆ ಬುದ್ಧಿಯ ಬಗ್ಗೆ, ಆ ಶಿಸ್ತಿನ ಬಗ್ಗೆ. ವಿಜ್ಞಾನ ವಿಭಾಗದ ಗೆಳೆಯರು ಕೊಳವೆಯನ್ನು ನೋಡಲಿ, ವಾಣಿಜ್ಯದ ನಾವು ಅದರ ಹಿಂದಿನ ಹಣದ ಲೆಕ್ಕವನ್ನು ನೋಡೋಣ, ಕಲಾ ವಿಭಾಗದವರು ಪತ್ರಗಳನ್ನೂ ದಾಖಲೆಗಳನ್ನೂ ಓದಲಿ. ಸಾಗರದಿಂದಾಗಲಿ, ಹೊಸನಗರದಿಂದಾಗಲಿ, ತೀರ್ಥಹಳ್ಳಿಯಿಂದಾಗಲಿ ಶಿವಮೊಗ್ಗಕ್ಕೆ ಬಸ್ಸಿಗೇನೂ ಕೊರತೆ ಇಲ್ಲ. ಮುಂದಿನ ಬಾರಿ ಅಲ್ಲಿಗೆ ಹೋದಾಗ ಶಿವಪ್ಪನಾಯಕ ಅರಮನೆಗೆ ಒಂದು ಗಂಟೆ ಕೊಡಿ. ನಮ್ಮ ತಾಲ್ಲೂಕಿನ ಮಣ್ಣು ಎರಡು ಶತಮಾನ ಕಾಪಾಡಿಕೊಟ್ಟ ಆ ತುಕ್ಕು ಹಿಡಿದ ಕೊಳವೆಗಳ ಮುಂದೆ ನಿಂತು, ನಾವು ಇಂದು ಕಲಿಯುತ್ತಿರುವುದರಲ್ಲಿ ಯಾವುದನ್ನು ಬರೆದಿಟ್ಟು ಹೋಗುತ್ತೇವೆ ಎಂದು ಒಮ್ಮೆ ಯೋಚಿಸಿ.